ಸತ್ಯಾಂಶ: ಯೂನಿಫಾರ್ಮ್ ಇದ್ದರೆ ಕಾಕ್‌ಪಿಟ್ ಸೀಟು ಪುಕ್ಕಟೆಯೇ?

"ಪೈಲಟ್ ಯೂನಿಫಾರ್ಮ್‌ನಲ್ಲಿದ್ದರೆ ಯಾವ ವಿಮಾನದ ಕಾಕ್‌ಪಿಟ್‌ನಲ್ಲಾದರೂ ಪುಕ್ಕಟೆ ಕೂತು ಡ್ಯೂಟಿಗೆ ಹೋಗಬಹುದು, ಯಾರೂ ತಡೆಯುವಂತಿಲ್ಲ." ಕೊಡಗಿನ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಈ ಮಾತಿನಲ್ಲಿ ಅರ್ಧ ಮಾತ್ರ ನಿಜ.

ಪೈಲಟ್‌ಗಳ ಹಿಂದೆ ಜಂಪ್‌ಸೀಟ್ ಎಂಬ ಮಡಚುವ ಸೀಟು ಇರುವುದು ಹೌದು. ಅಮೆರಿಕದಲ್ಲಿ ಮನೆ ಒಂದು ಊರು, ಡ್ಯೂಟಿ ಇನ್ನೊಂದು ಊರು ಇರುವ ಪೈಲಟ್‌ಗಳು ಬೇರೆ ಕಂಪನಿಯ ವಿಮಾನದಲ್ಲೂ ಅದರಲ್ಲಿ ಹೋಗುತ್ತಾರೆ. ಆದರೆ ಅದು ಹಕ್ಕಲ್ಲ. ಮೊದಲು ಗೇಟಿನಲ್ಲಿ ಗುರುತು, ಕೆಲಸ ಎರಡೂ ತಾಳೆಯಾಗಬೇಕು. ಆಮೇಲೆ ಕ್ಯಾಪ್ಟನ್ ಹತ್ತಿರ ಹೋಗಿ ಕೇಳಬೇಕು. ಅವರು ಬೇಡ ಅಂದರೆ ಮುಗೀತು, ವಾದವಿಲ್ಲ. ಕೂತ ಮೇಲೂ 10,000 ಅಡಿಗಿಂತ ಕೆಳಗೆ ಹರಟೆ ಇಲ್ಲ. ಅಪಾಯ ಏನಾದರೂ ಕಂಡರೆ ಮಾತ್ರ ಬಾಯಿ ಬಿಡಬೇಕು. ಮದುವೆ ಮನೆಯ ಅತಿಥಿಯೂ ಇಷ್ಟು ಶಿಸ್ತಾಗಿ ಇರುವುದಿಲ್ಲ, ಅಲ್ವಾ?

ನಮ್ಮ ಕೊಡಗಿನಲ್ಲಿ ವಿಮಾನ ನಿಲ್ದಾಣವೇ ಇಲ್ಲ. ವಿರಾಜಪೇಟೆಯ ಪೈಲಟ್ ರಜೆ ಮುಗಿಸಿ ಮಾಕುಟ್ಟ ಘಾಟಿ ಇಳಿದು ಕಣ್ಣೂರಿಗೆ ಹೋದರೂ ಯೂನಿಫಾರ್ಮ್ ತೋರಿಸಿ ಸುಮ್ನೆ ಕಾಕ್‌ಪಿಟ್ ಹೊಕ್ಕುವಂತಿಲ್ಲ. ಭಾರತದಲ್ಲಿ ವಿಮಾನಯಾನದ ಮೇಲ್ವಿಚಾರಣೆ ನೋಡುವ ಸರ್ಕಾರಿ ಸಂಸ್ಥೆ ಡಿಜಿಸಿಎಯ ನಿಯಮ ಬಿಗಿ. 2023ರಲ್ಲಿ ದುಬೈ–ದೆಹಲಿ ವಿಮಾನದಲ್ಲಿ ಪ್ರಯಾಣಿಕರಾಗಿದ್ದ ತಮ್ಮದೇ ಕಂಪನಿಯ ಸಿಬ್ಬಂದಿಯನ್ನು ಪೈಲಟ್ ಕಾಕ್‌ಪಿಟ್‌ಗೆ ಬಿಟ್ಟಿದ್ದರು. ಏರ್ ಇಂಡಿಯಾಗೆ 30 ಲಕ್ಷ ರೂಪಾಯಿ ದಂಡ ಬಿತ್ತು, ಆ ಪೈಲಟ್ ಲೈಸೆನ್ಸ್ 3 ತಿಂಗಳು ಅಮಾನತಾಯಿತು.