ಪ್ಯಾಟರ್ಸನ್ ಹೆಸರೂ ಇರಬೇಕಿತ್ತು

ಅಮೆರಿಕದಲ್ಲಿ ಬೇಗ ಮುಚ್ಚಿಹೋದ ಹಳೇ ಕಾರು ಕಂಪನಿಗಳ ಬಗ್ಗೆ ನಿಮ್ಮ ಲೇಖನದಲ್ಲಿ ಚೆನ್ನಾಗಿ ಬರೆದಿದ್ದೀರಿ. ಆದರೆ ಓಹಾಯೋದ ಗ್ರೀನ್‌ಫೀಲ್ಡ್ ಊರಿನ ಪ್ಯಾಟರ್ಸನ್ ಕಂಪನಿಯ ಹೆಸರು ಅದರಲ್ಲಿ ಬಿಟ್ಟುಹೋಗಿದ್ದು ನನಗೆ ತುಂಬಾ ಬೇಸರ ಆಯ್ತು.

ಇದನ್ನು ಕಟ್ಟಿದ ಕಪ್ಪು ಜನಾಂಗದ ಚಾರ್ಲ್ಸ್ ರಿಚರ್ಡ್ ಪ್ಯಾಟರ್ಸನ್ 1833ರಲ್ಲಿ ವರ್ಜೀನಿಯಾದಲ್ಲಿ ಗುಲಾಮರಾಗಿ ಹುಟ್ಟಿದವರು. ಕಮ್ಮಾರಿಕೆ ಕಲಿತರು. ಬಿಳಿಯ ಪಾಲುದಾರರೊಬ್ಬರ ಜೊತೆ ಕುದುರೆ ಗಾಡಿ ಮಾಡುವ ಕೆಲಸ ಶುರು ಮಾಡಿ, 1893ರಲ್ಲಿ ಇಡೀ ಕಂಪನಿಯನ್ನು ತಮ್ಮದಾಗಿಸಿಕೊಂಡರು. ಆ ಕಾಲಕ್ಕೆ ಇದು ಸಣ್ಣ ಮಾತಲ್ಲ, ಅಲ್ವಾ? 1910ರಲ್ಲಿ ಅವರು ತೀರಿಕೊಂಡ ಮೇಲೆ ಮಗ ಫ್ರೆಡರಿಕ್ ಹೊಣೆ ಹೊತ್ತರು. ಈತ ಓಹಾಯೋ ಸ್ಟೇಟ್ ವಿಶ್ವವಿದ್ಯಾಲಯದ ಅಮೆರಿಕನ್ ಫುಟ್ಬಾಲ್ ತಂಡದಲ್ಲಿ ಆಡಿದ ಮೊದಲ ಕಪ್ಪು ಆಟಗಾರ ಕೂಡ. ಕುದುರೆ ಗಾಡಿಗಳ ಕಾಲ ಮುಗೀತಾ ಬಂತು ಅಂತ ಗುರುತಿಸಿ, 1915ರಲ್ಲಿ 'ಪ್ಯಾಟರ್ಸನ್-ಗ್ರೀನ್‌ಫೀಲ್ಡ್' ಕಾರನ್ನು ಹೊರತಂದರು. ಕಾಂಟಿನೆಂಟಲ್ ಕಂಪನಿಯ ನಾಲ್ಕು ಸಿಲಿಂಡರ್‌ನ ಎಂಜಿನ್, 30 ಅಶ್ವಶಕ್ತಿ.

ಕಾರು ಚೆನ್ನಾಗಿತ್ತು, ಆದರೆ ಲೆಕ್ಕ ಕೂಡಲಿಲ್ಲ. ಇದರ ಬೆಲೆ 850 ಡಾಲರ್ ವರೆಗೂ ಇತ್ತು. 1916ರಲ್ಲಿ ಫೋರ್ಡ್ ತನ್ನ ಮಾಡೆಲ್ ಟಿ ಟೂರಿಂಗ್ (ತೆರೆದ ಮಾದರಿಯ) ಕಾರನ್ನು 360 ಡಾಲರಿಗೇ ಕೊಡುತ್ತಿತ್ತು! ಕೈಯಲ್ಲಿ ಒಂದೊಂದೇ ಕಾರು ಮಾಡುವವರು ಆ ಬೆಲೆಗೆ ಇಳಿಯೋದು ಹೇಗೆ? 1918ರ ಹೊತ್ತಿಗೆ ಕಾರು ನಿಂತಿತು. ಆಮೇಲೆ ಬಸ್ಸು, ಲಾರಿಗಳ ಬಾಡಿ ಕಟ್ಟುತ್ತಾ 1939ರವರೆಗೆ ಉಳಿದುಕೊಂಡರು.

ಇವರ ಕುದುರೆ ಗಾಡಿಗಳು ಇನ್ನೂ ಉಳಿದಿವೆ. ಕಾರು ಮಾತ್ರ ಒಂದೂ ಸಿಕ್ಕಿಲ್ಲ. ದಯವಿಟ್ಟು ಈ ಕಂಪನಿಯ ಬಗ್ಗೆಯೂ ಬರೆಯಿರಿ.