ಹೀಟರ್ ಹಿಡಿದು ಮೂವತ್ತು ಎಣಿಸು

ಇವತ್ತು ಬೆಳಗ್ಗೆ ನಮ್ಮ ಟ್ರ್ಯಾಕ್ಟರ್ ಎರಡನೇ ಸೆಲ್ಫ್‌ಗೇ ಚಾಲೂ ಆಯಿತು. ಬೀದರ್ ಜಿಲ್ಲೆಯ ನಮ್ಮ ಹುಮನಾಬಾದ್ ಕಡೆ ಈ ವಾರ ಎಂಥ ಚಳಿ ಅಂದರೆ, ಕಣದಲ್ಲಿ ತೊಗರಿ ಮೇಲೆ ಹೊದಿಸಿದ ತಾಡಪತ್ರಿ ಮುಟ್ಟಿದರೆ ಇಬ್ಬನಿಗೆ ಬೆರಳು ಮರಗಟ್ಟುತ್ತವೆ. ಅಂಥದ್ದರಲ್ಲಿ ಐವತ್ತು ವರ್ಷದ ಹಳೆ ಇಂಜಿನ್ ಎರಡನೇ ಸೆಲ್ಫ್‌ಗೆ ಎದ್ದಿತು ಅಂದರೆ ಮನೆಯಲ್ಲಿ ಹಬ್ಬ. ಚಹಾ ಕುಡಿಯೋ ಮುಂಚೆ ನಾಲ್ಕು ಜನಕ್ಕೆ ಸುದ್ದಿ ಹೇಳಿದೆ.

ಆ ನಾಲ್ಕು ಜನರ ಬಗ್ಗೆ ಬರೆಯಬೇಕು ಅಂತ ಬಹಳ ದಿನದಿಂದ ಇತ್ತು.

ಮೊದಲು ನಮ್ಮ ಗಾಡಿ. ಅದು ಇಂಟರ್‌ನ್ಯಾಷನಲ್ ಬಿ-275. ಮುಂಬೈನಲ್ಲಿ ತಯಾರಾಗುತ್ತಿದ್ದ ಮಾಡೆಲ್. ಮಹೀಂದ್ರಾ, ವೋಲ್ಟಾಸ್, ಅಮೆರಿಕದ ಇಂಟರ್‌ನ್ಯಾಷನಲ್ ಹಾರ್ವೆಸ್ಟರ್ ಮೂರೂ ಸೇರಿ 1963ರಲ್ಲಿ ಶುರು ಮಾಡಿದ ಕಂಪನಿಯದು. ನಮ್ಮದು ಡಿಐ (ಡೀಸೆಲ್ ನೇರವಾಗಿ ಸಿಲಿಂಡರ್‌ಗೇ ಚಿಮ್ಮಿಸೋ ಇಂಜಿನ್) ಬರೋ ಮುಂಚಿನದು. ಅಪ್ಪ ಸೆಕೆಂಡ್ ಹ್ಯಾಂಡ್ ತಂದಿದ್ದರು. ಮೂರು ಎಕರೆ ಎರೆ ಹೊಲ, ಎರಡು ಎಕರೆ ಕೆಂಪು ನೆಲ, ಜೊತೆಗೆ ಊರವರ ಬಾಡಿಗೆ ಕೆಲಸ. ನಾವು ಮೂವರು ಮಕ್ಕಳು ಓದಿದ್ದು ಅದರ ದುಡಿಮೆಯಲ್ಲೇ.

ಡೀಸೆಲ್ ಇಂಜಿನ್‌ಗೆ ಪೆಟ್ರೋಲ್ ಗಾಡಿ ಥರ ಕಿಡಿ ಹೊಡೆಯೋ ಪ್ಲಗ್ ಇಲ್ಲ. ಒಳಗಿನ ಗಾಳಿಯನ್ನು ಒತ್ತಿ ಒತ್ತಿ ಬಿಸಿ ಮಾಡಬೇಕು, ಆ ಬಿಸಿಗೆ ಡೀಸೆಲ್ ಹತ್ತಿಕೊಳ್ಳಬೇಕು. ಚಳಿಗಾಲದಲ್ಲಿ ತಣ್ಣಗಿರೋ ಕಬ್ಬಿಣವೇ ಆ ಬಿಸಿಯನ್ನೆಲ್ಲ ನುಂಗಿಬಿಡುತ್ತದೆ. ಆಯಿಲ್ ಗಟ್ಟಿಯಾಗಿರುತ್ತದೆ, ಬ್ಯಾಟರಿ ಸೋತಿರುತ್ತದೆ. ಅದಕ್ಕೇ ಈ ಹಳೆ ಇಂಜಿನ್‌ಗಳಿಗೆ ಹೀಟರ್ ಪ್ಲಗ್ ಕೊಟ್ಟಿದ್ದಾರೆ. ಸ್ವಿಚ್ ಹಿಡಿದುಕೊಂಡರೆ ಒಳಗೆ ಸಣ್ಣ ಸುರುಳಿ ಕೆಂಪಗೆ ಕಾಯುತ್ತದೆ. ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಮೊದಲ ಸಲ ಸೀಟಿನ ಮೇಲೆ ಕೂರಿಸಿ ಅಪ್ಪ ಹೇಳಿದ್ದು ಇಷ್ಟೇ: "ಹೀಟರ್ ಹಿಡಿದು ಮೂವತ್ತು ಎಣಿಸವ್ವ. ಅವಸರ ಮಾಡಬ್ಯಾಡ." ನಾನು ಇಪ್ಪತ್ತಕ್ಕೇ ಸೆಲ್ಫ್ ಹೊಡೆದೆ. ಬಿಳಿ ಹೊಗೆ ಬಂತು, ಇಂಜಿನ್ ಬರಲಿಲ್ಲ. ಅಪ್ಪ ಬೈಯಲಿಲ್ಲ. "ಮತ್ತ ಒಂದರಿಂದ" ಅಂದರು. ಅಪ್ಪ ಹೋಗಿ ಆರು ವರ್ಷ ಆಯಿತು. ಈಗಲೂ ನಾನು ಬಾಯಿ ಬಿಟ್ಟೇ ಎಣಿಸುತ್ತೇನೆ.

ಆ ನಾಲ್ವರಲ್ಲಿ ಮೊದಲನೆಯವನು ನಮ್ಮ ಕಾಕಾನ ಮಗ. ಕೆನಡಾದ ಸಸ್ಕಾಚೆವಾನ್‌ನಲ್ಲಿದ್ದಾನೆ. ಭಾನುವಾರ ಬೆಳಗ್ಗೆ ನಮಗೆ 7 ಗಂಟೆ ಆದಾಗ ಅವನಿಗೆ ಶನಿವಾರ ರಾತ್ರಿ ಏಳೂವರೆ. ಡಿಸೆಂಬರ್ ಬಂತು ಅಂದರೆ ಪ್ರತಿ ಭಾನುವಾರ ಆ ಹೊತ್ತಿಗೆ ಐದೂ ಜನ ಫೋನಲ್ಲಿ ಸೇರುತ್ತೇವೆ. ಮಾತು ಅರ್ಧ ಕನ್ನಡ, ಅರ್ಧ ಹಿಂದಿ. ಎರಡೂ ಬರದ ಕಡೆ ನಮ್ಮ ದಖನಿ ಉರ್ದು ಇದೆಯಲ್ಲ.

ಅವನು ಹೇಳೋ ಚಳಿ ಕೇಳಿದರೆ ನಮ್ಮ ಬೀದರ್ ಚಳಿ ಏನೂ ಅಲ್ಲ ಅನಿಸುತ್ತದೆ. ಅಲ್ಲಿ ಸೊನ್ನೆಗಿಂತ 30 ಡಿಗ್ರಿ ಕೆಳಗೆ ಹೋದಾಗ ಡೀಸೆಲ್‌ನಲ್ಲಿರೋ ಮೇಣ ಗಟ್ಟಿಯಾಗಿ ಫಿಲ್ಟರ್ ಕಟ್ಟಿಕೊಳ್ಳುತ್ತದಂತೆ. ಅದಕ್ಕೇ ಅಲ್ಲಿ ಚಳಿಗಾಲಕ್ಕೆ ಬೇರೆ ಡೀಸೆಲ್ಲೇ ಸಿಗುತ್ತದೆ. ಇಂಜಿನ್ ಒಳಗಿನ ನೀರು ಬಿಸಿಯಾಗಿರಲಿ ಅಂತ ರಾತ್ರಿ ಮನೆಯ ಕರೆಂಟಿಗೆ ವೈರ್ ಹಾಕಿ ಬಿಡುತ್ತಾರೆ, ನಾವು ಮೊಬೈಲ್ ಚಾರ್ಜಿಗೆ ಹಾಕಿದ ಹಾಗೆ. ಎಮ್ಮೆಗೆ ಗೋಣಿ ಹೊದಿಸಿ ಮಲಗೋ ನಮ್ಮವ್ವ ಇದನ್ನು ಕೇಳಿ, "ಅವರೂ ನಮ್ಮಂಗೇ ಅದಾರ ಬಿಡು" ಅಂದಳು.

ಹಳೆ ಕಾಲದ ಚಾಲೂ ಮಾಡೋ ವಿಧಾನಗಳನ್ನೆಲ್ಲ ಹುಡುಕಿ ಓದಿ ಬಂದು ಹೇಳೋದು ಅವನೇ. ಇಂಗ್ಲೆಂಡಿನ ಫೀಲ್ಡ್ ಮಾರ್ಷಲ್ ಅನ್ನೋ ಟ್ರ್ಯಾಕ್ಟರ್‌ಗೆ ಒಂದೇ ಸಿಲಿಂಡರ್. ಬಂದೂಕಿನ ತೋಟಾ ಥರದ್ದನ್ನು ಇಂಜಿನ್‌ಗೆ ಹಾಕಿ ಸುತ್ತಿಗೆಯಿಂದ ಹೊಡೆದರೆ, ಆ ಸಿಡಿತಕ್ಕೆ ಪಿಸ್ಟನ್ ಸರಿದು ಇಂಜಿನ್ ಎದ್ದುಬಿಡುತ್ತಿತ್ತು. ಜರ್ಮನಿಯ ಲಾಂಜ್ ಬುಲ್‌ಡಾಗ್ ಇನ್ನೂ ಚಂದ. ಮುಂದಿರೋ ಗುಂಡನೆ ಭಾಗವನ್ನು ಬ್ಲೋ ಲ್ಯಾಂಪ್‌ನಿಂದ ಕೆಂಪಗೆ ಕಾಯಿಸಬೇಕು. ಆಮೇಲೆ ಸ್ಟೇರಿಂಗನ್ನೇ ಕಳಚಿ, ಅದನ್ನೇ ಹ್ಯಾಂಡಲ್ ಮಾಡಿ ಪಕ್ಕದ ಚಕ್ರ ತಿರುಗಿಸಬೇಕು. ಚಾಲೂ ಆದ ಮೇಲೆ ಸ್ಟೇರಿಂಗ್ ವಾಪಸ್ ಅದರ ಜಾಗಕ್ಕೆ. ಇದನ್ನು ಕೇಳಿದ ದಿನ ನಮ್ಮೂರ ಮಿಸ್ತ್ರಿ ಕಾಕಾ ಸುಮಾರು ಹೊತ್ತು ಸುಮ್ನೆ ಕೂತಿದ್ದರು. ಆಮೇಲೆ, "ತಯಾರ್ ಮಾಡಿದಾಂವ ಭಾರೀ ಮನುಷ್ಯಾ" ಅಂದರು.

ಎರಡನೆಯವರು ಪಂಜಾಬಿನ ಸಂಗರೂರಿನವರು. ಎರಡು ವರ್ಷದ ಹಿಂದೆ ತೊಗರಿ ಕೊಯ್ಯೋಕೆ ಕಂಬೈನ್ ಮಷಿನ್ ತಗೊಂಡು ನಮ್ಮ ಕಡೆ ಬಂದಿದ್ದರು. ಹನ್ನೆರಡು ದಿನ ನಮ್ಮ ಕಣದಲ್ಲೇ ಬಿಡಾರ. ಮೊದಲ ದಿನವೇ ನಮ್ಮ ಬಿ-275 ಸುತ್ತ ಒಂದು ಸುತ್ತು ಹಾಕಿ, ಬಾನೆಟ್ ಮೇಲೆ ಕೈ ಆಡಿಸಿ, "ಬೆಹೆನ್‌ಜಿ, ಇದನ್ನು ಮಾರಬೇಡಿ" ಅಂದಿದ್ದರು. ಅವರ ಮನೆಯಲ್ಲಿ ಎಚ್‌ಎಂಟಿ 5911 ಇದೆ. ನಮಗೆ ಎಚ್‌ಎಂಟಿ ಅಂದರೆ ಬೆಂಗಳೂರಿನ ವಾಚು. ಅಪ್ಪನ ಕೈಯಲ್ಲಿ ಕೊನೆ ತನಕ ಇದ್ದದ್ದೂ ಅದೇ ವಾಚು. ಅವರಿಗೆ ಎಚ್‌ಎಂಟಿ ಅಂದರೆ ಹರಿಯಾಣದ ಪಿಂಜೋರ್‌ನ ಟ್ರ್ಯಾಕ್ಟರ್. 1971ರಲ್ಲಿ ಚೆಕೊಸ್ಲೊವಾಕಿಯಾದ ಜೆಟರ್ ಜೊತೆ ಸೇರಿ ಶುರು ಮಾಡಿದ್ದು. 2016ರಲ್ಲಿ ಸರ್ಕಾರ ಆ ಕಾರ್ಖಾನೆ ಮುಚ್ಚೋಕೆ ತೀರ್ಮಾನ ಮಾಡಿದಾಗ ಮನೆಯವರೇ ಯಾರೋ ಹೋದಷ್ಟು ಬೇಜಾರಾಯಿತು ಅಂದರು. ಒಂದೇ ಹೆಸರು. ನಮ್ಮಲ್ಲಿ ಅದು ಮುಂಗೈ ಮೇಲೆ, ಅವರಲ್ಲಿ ಹೊಲದಲ್ಲಿ. ಇದು ನನಗೆ ಈ ಮಾತುಕತೆ ಇಲ್ಲದಿದ್ದರೆ ಗೊತ್ತೇ ಆಗುತ್ತಿರಲಿಲ್ಲ.

ಅವರ ಕಡೆ ಈಗ ಗೋಧಿಗೆ ನೀರು ಬಿಡೋ ಕಾಲ. ಬೆಳಗ್ಗೆ ಮಂಜು ಬಿದ್ದರೆ ಸೀಟಿನಿಂದ ಬಾನೆಟ್ ತುದಿ ಕಾಣೋದಿಲ್ಲವಂತೆ. ಒಬ್ಬರು ಟಾರ್ಚ್ ಹಿಡಿದು ಮುಂದೆ ನಡೆಯಬೇಕು.

ಮೂರನೆಯವರು ಕೊಡಗಿನ ಹಿರಿಯರು. ಎಪ್ಪತ್ತು ದಾಟಿದೆ. ಅವರಿಗೆ ಈಗ ಕಾಫಿ ಕೊಯ್ಲು, ಕಣದ ತುಂಬ ಹಣ್ಣು ಹರಡಿರುತ್ತದೆ. ಅವರ ಶೆಡ್ಡಿನಲ್ಲಿ ಬೂದು ಬಣ್ಣದ ಫರ್ಗ್ಯುಸನ್ ಟಿಇ-20 ಇದೆ. ಪೆಟ್ರೋಲ್‌ನಲ್ಲಿ ಚಾಲೂ ಮಾಡಿ, ಬಿಸಿಯಾದ ಮೇಲೆ ಸೀಮೆಎಣ್ಣೆಗೆ ತಿರುಗಿಸೋ ಗಾಡಿ. 1946ರಿಂದ 1956ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ 5 ಲಕ್ಷಕ್ಕೂ ಹೆಚ್ಚು ಫರ್ಗ್ಯುಸನ್ ತಯಾರಾದವು. ಎವರೆಸ್ಟ್ ಹತ್ತಿದ ಎಡ್ಮಂಡ್ ಹಿಲರಿ ದಕ್ಷಿಣ ಧ್ರುವಕ್ಕೆ ಹೋದದ್ದು ಇದೇ ಥರದ ಟ್ರ್ಯಾಕ್ಟರ್‌ನಲ್ಲಿ. ಚಕ್ರಗಳಿಗೆ ಪಟ್ಟಿ ಹಾಕಿಸಿ, ಹಿಮದ ಮೇಲೆ ಓಡಿಸಿ, 1958ರ ಜನವರಿ 4ಕ್ಕೆ ಮುಟ್ಟಿದರು. 1912ರಲ್ಲಿ ಸ್ಕಾಟ್ ತಂಡ ಹೋದ ಮೇಲೆ ನೆಲದ ದಾರಿಯಿಂದ ಅಲ್ಲಿಗೆ ಮೊದಲು ಮುಟ್ಟಿದವರು ಇವರೇ. ಪ್ರತಿ ವರ್ಷ ಜನವರಿ 4ರಂದು ಹಿರಿಯರು ತಮ್ಮ ಫರ್ಗ್ಯುಸನ್ ತೊಳೆದು ಒಂದು ಸುತ್ತು ಓಡಿಸುತ್ತಾರೆ. ನಾವೆಲ್ಲ ಫೋನಲ್ಲಿ ಕೇಳುತ್ತೇವೆ.

ಆದರೆ ಫರ್ಗ್ಯುಸನ್‌ನ ದೊಡ್ಡ ಕೆಲಸ ಧ್ರುವದಲ್ಲಿ ಇಲ್ಲ. ನಿಮ್ಮೂರಲ್ಲಿ ಯಾವ ಟ್ರ್ಯಾಕ್ಟರ್ ನಿಂತಿದ್ದರೂ ಅದರ ಹಿಂದೆ ಹೋಗಿ ನೋಡಿ. ಕೆಳಗೆ ಎರಡು ಕೈ, ಮೇಲೆ ಒಂದು ಟಾಪ್ ಲಿಂಕ್. ಈ ಮೂರು ಕಡೆ ಹಿಡಿಯೋ ಲೆಕ್ಕ ಹ್ಯಾರಿ ಫರ್ಗ್ಯುಸನ್ ಅವರದು, 1926ರ ಪೇಟೆಂಟ್. ಅದಕ್ಕೂ ಮುಂಚೆ ನೇಗಿಲನ್ನು ಹಿಂದೆ ಸುಮ್ನೆ ಎಳೆದುಕೊಂಡು ಹೋಗುತ್ತಿದ್ದರು. ಕಲ್ಲಿಗೋ ಬೇರಿಗೋ ಸಿಕ್ಕರೆ ಟ್ರ್ಯಾಕ್ಟರ್ ಮೂತಿ ಎತ್ತಿ ಹಿಂದಕ್ಕೆ ಮಗುಚುತ್ತಿತ್ತು. ಮೂರು ಕಡೆ ಕಟ್ಟಿದ ಮೇಲೆ ನೇಗಿಲಿನ ಎಳೆತವೇ ಟ್ರ್ಯಾಕ್ಟರನ್ನು ನೆಲಕ್ಕೆ ಒತ್ತಿ ಹಿಡಿಯುತ್ತದೆ. ನಮ್ಮ ಎರೆ ಹೊಲದಲ್ಲಿ ಇದರ ಬೆಲೆ ಗೊತ್ತಾಗುತ್ತದೆ. ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು, ಮಳೆ ಬಿದ್ದರೆ ಗೋಂದು. ಅಂಥ ಮಣ್ಣಲ್ಲಿ 35 ಎಚ್‌ಪಿಯ ಗಾಡಿ ಪಲ್ಟಿ ನೇಗಿಲು ಎಳೆಯುತ್ತಿದೆ ಅಂದರೆ ಆ ಮೂರು ತೂತುಗಳ ದಯೆ.

ನಾಲ್ಕನೆಯವರು ಯಾದಗಿರಿ ಜಿಲ್ಲೆ ಶಹಾಪುರದ ಕಡೆಯ ನಮ್ಮ ಸೋದರಮಾವ. ಕೃಷ್ಣಾ ಕಾಲುವೆ ನೀರು, ಭತ್ತದ ಗದ್ದೆ. ನಾವು ಚಳಿಯ ಮಾತಾಡಿದರೆ ಅವರು ಕೆಸರಿನ ಮಾತಾಡುತ್ತಾರೆ. ಕೇಜ್ ವೀಲ್ (ಕೆಸರಿಗೆ ಹಾಕೋ ಪಂಜರದಂಥ ಕಬ್ಬಿಣದ ಚಕ್ರ) ಹಾಕಿ ದಿನವಿಡೀ ಗದ್ದೆ ತುಳಿಸಿದರೆ ಸೀಲ್ ಒಳಗೆ ಕೆಸರು ನೀರು ಹೋಗಿ ಬೇರಿಂಗ್ ಹಾಳು. ಅವರ ಹತ್ತಿರ 25 ಎಚ್‌ಪಿಯ ಜೆಟರ್ 2511 ಇತ್ತು. ಎರಡು ಸಿಲಿಂಡರ್. ಅದರ ಸದ್ದು ದೂರದಿಂದಲೇ ಗುರುತು ಸಿಗುತ್ತಿತ್ತು. ನಾನು ಸಣ್ಣವಳಿದ್ದಾಗ ರಜೆಗೆ ಹೋದರೆ ಆ ಸದ್ದು ಕೇಳಿ ಮಾವ ಊಟಕ್ಕೆ ಬಂದರು ಅಂತ ಅತ್ತೆ ರೊಟ್ಟಿ ಬಡಿಯೋಕೆ ಕೂರುತ್ತಿದ್ದಳು.

ಐದು ವರ್ಷದ ಹಿಂದೆ ಅದರ ಡೀಸೆಲ್ ಪಂಪ್ ಕೈಕೊಟ್ಟಿತು. ಪಟ್ಟಣದ ಒಂದು ಅಂಗಡಿಯಲ್ಲಿ "ಇದರ ಸಾಮಾನು ಎಲ್ಲೂ ಸಿಗಲ್ಲ, ತೂಕಕ್ಕೆ ಹಾಕಿಬಿಡಿ" ಅಂದರು. ಮಾವ ನಂಬಿದರು. ಗುಜರಿಯವರು ಬಂದು ಗ್ಯಾಸ್ ಕಟರ್‌ನಿಂದ ಅಲ್ಲೇ ಬೇವಿನ ಮರದ ಕೆಳಗೆ ಕತ್ತರಿಸಿ ಲೋಡ್ ಮಾಡಿಕೊಂಡು ಹೋದರು. ಆಮೇಲೆ ಒಂದು ಭಾನುವಾರ ಸಂಗರೂರಿನವರು ಮಾತಿನ ನಡುವೆ, "ಜೆಟರ್ ಪಂಪ್ ತಾನೆ? ನಮ್ಮ ಕಡೆ ರಿಪೇರಿ ಮಾಡೋರು ಇದ್ದಾರೆ, ಹಳೆ ಸಾಮಾನೂ ಸಿಗುತ್ತೆ" ಅಂದರು. ಫೋನಲ್ಲಿ ಯಾರೂ ಮಾತಾಡಲಿಲ್ಲ. ಮಾವ ಕಟ್ ಮಾಡಿದರು. ಮತ್ತೆ ಎರಡು ವಾರ ಬರಲಿಲ್ಲ.

ನಾನು ಹೇಳಬೇಕಾದ್ದು ಇಷ್ಟೇ. ಹಳೆ ಟ್ರ್ಯಾಕ್ಟರ್ ಗುಜರಿಗೆ ಹಾಕೋ ಮುಂಚೆ ಬೇರೆ ಊರಿನ, ಬೇರೆ ರಾಜ್ಯದ ಒಬ್ಬರ ಹತ್ತಿರ ಮಾತಾಡಿ. ಸಾಮಾನು ಸಿಗಲ್ಲ ಅನ್ನೋ ಮಾತು ಬಹಳ ಸಲ ನಮ್ಮ ತಾಲೂಕಿಗೆ ಮಾತ್ರ ನಿಜ. ಯಾವ ಕಡೆ ಯಾವ ಗಾಡಿ ಜಾಸ್ತಿ ಓಡಿತೋ ಅಲ್ಲಿ ಅದರ ಮಿಸ್ತ್ರಿಗಳು ಉಳಿದಿರುತ್ತಾರೆ, ಮೂಲೆಯಲ್ಲಿ ಸಾಮಾನೂ ಉಳಿದಿರುತ್ತದೆ. ಕೇಳೋರು ಬೇಕು ಅಷ್ಟೇ.

ಹೊಸ ಗಾಡಿ ಬೇಡ ಅಂತ ನಾನು ಹೇಳುತ್ತಿಲ್ಲ. ನಮ್ಮ ದುಡಿಮೆ ನಡೀತಿರೋದೂ ಹೊಸದರಲ್ಲೇ. ಪವರ್ ಸ್ಟೇರಿಂಗ್ ಇದೆ, ಬ್ರೇಕ್ ಚೆನ್ನಾಗಿ ಹಿಡಿಯುತ್ತದೆ, ಹೊಗೆ ಕಡಿಮೆ. 2023ರ ಜನವರಿಯಿಂದ 50 ಎಚ್‌ಪಿ ಮೇಲಿನ ಹೊಸ ಟ್ರ್ಯಾಕ್ಟರ್‌ಗಳಿಗೆ ಹೊಗೆಯ ಕಟ್ಟುನಿಟ್ಟಿನ ನಿಯಮ ಬಂತು, ಅದೂ ಒಳ್ಳೆಯದೇ. ಆದರೆ ಈಗಿನ ದೊಡ್ಡ ಇಂಜಿನ್‌ಗಳಲ್ಲಿ ಡೀಸೆಲ್ ಬಿಡೋ ಲೆಕ್ಕ ಕಂಪ್ಯೂಟರ್ ಮಾಡುತ್ತದೆ. ಕೆಟ್ಟರೆ ಲ್ಯಾಪ್‌ಟಾಪ್ ಹಿಡಿದವರು ಬರಬೇಕು. ಹಳೆಯದು ಕೆಟ್ಟರೆ ನಾನೇ ಬಿಚ್ಚುತ್ತೇನೆ. ಬಿಚ್ಚಿದರೆ ನನ್ನ ಮಗಳು ನೋಡುತ್ತಾಳೆ.

ಮೊನ್ನೆ ರಾಶಿ ಮುಗಿದ ಮೇಲೆ ಅವಳಿಂದಲೇ ಏರ್ ಕ್ಲೀನರ್ ಬಿಚ್ಚಿಸಿದೆ. ಹಳೆಯದರಲ್ಲಿ ಕಾಗದದ ಫಿಲ್ಟರ್ ಇಲ್ಲ, ಕೆಳಗೆ ಎಣ್ಣೆಯ ಬಟ್ಟಲು ಇರುತ್ತದೆ. ಒಳಗೆ ಹೋಗೋ ಗಾಳಿ ಎಣ್ಣೆ ಮುಟ್ಟಿ ಹೋಗಬೇಕು, ಧೂಳು ಅಲ್ಲೇ ಉಳಿಯಬೇಕು. ಬಟ್ಟಲಿನ ಕ್ಲಿಪ್ ಸಡಿಲಿಸಿ ಕೆಳಗಿಳಿಸಿದಳು. ಮೇಲೆ ಕಪ್ಪು ಎಣ್ಣೆ, ಬೆರಳು ಅದ್ದಿದರೆ ತಳದಲ್ಲಿ ಅರ್ಧ ಇಂಚು ಕೆಸರು. ನಾಲ್ಕು ದಿನದ ತೊಗರಿ ಹೊಟ್ಟಿನ ಧೂಳು ಅಷ್ಟೂ ಅಲ್ಲಿ ಕೂತಿತ್ತು. "ಅವ್ವಾ, ಇದು ಇಲ್ಲಾಂದ್ರ ಇಷ್ಟೂ ಇಂಜಿನ್‌ನೊಳಗ ಹೋಗ್ತಿತ್ತಾ?" ಅಂತ ಕೇಳಿದಳು. ಹೌದು ಅಂದೆ. ಡೀಸೆಲ್‌ನಲ್ಲಿ ತೊಳೆದು, ಒರೆಸಿ, ಗೆರೆಯ ತನಕ ಹೊಸ ಎಣ್ಣೆ ಅವಳೇ ಹಾಕಿದಳು.

ಇನ್ನೊಂದು ಮಾತು. ಬಣ್ಣ ಹೊಡೆಸಿ ತೋಟದ ಗೇಟಿನ ಮುಂದೆ ನಿಲ್ಲಿಸೋರನ್ನು ನೋಡಿದ್ದೇನೆ. ಪ್ರೀತಿಯಿಂದಲೇ ನಿಲ್ಲಿಸಿರುತ್ತಾರೆ, ಗೊತ್ತು. ಆದರೆ ನಿಂತ ಇಂಜಿನ್‌ನ ಪಿಸ್ಟನ್ ರಿಂಗ್ ತುಕ್ಕು ಹಿಡಿದು ಸಿಲಿಂಡರಿನ ಗೋಡೆಗೆ ಕಚ್ಚಿಕೊಳ್ಳುತ್ತದೆ. ತಿಂಗಳಿಗೆ ಒಮ್ಮೆಯಾದರೂ ಚಾಲೂ ಮಾಡಿ, ನೀರು ಬಿಸಿಯಾಗೋ ತನಕ ಓಡಿಸಿ. ಮತ್ತೆ ಚಳಿಗೆ ಸ್ಟಾರ್ಟ್ ಆಗಲಿಲ್ಲ ಅಂತ ಬಟ್ಟೆಗೆ ಬೆಂಕಿ ಹಚ್ಚಿ ಗಾಳಿ ಎಳೆಯೋ ಪೈಪಿನ ಹತ್ತಿರ ಹಿಡಿಯಬೇಡಿ. ನಮ್ಮ ಕಡೆ ಈಗಲೂ ಮಾಡುತ್ತಾರೆ. ಆ ಬಟ್ಟಲಿನಲ್ಲಿ ಎಣ್ಣೆ ಇದೆ ಅನ್ನೋದು ನೆನಪಿರಲಿ.

ಎಳ್ಳ ಅಮಾವಾಸ್ಯೆ ದಿನ ನಾವು ಬಿ-275ಗೇ ಟ್ರಾಲಿ ಕಟ್ಟಿ ಹೊಲಕ್ಕೆ ಹೋಗೋದು. ಭಜ್ಜಿ, ಸಜ್ಜಿ ರೊಟ್ಟಿ, ಅಂಬಲಿ ಗಡಿಗೆ, ಮಕ್ಕಳು, ಮುದುಕರು ಎಲ್ಲ ಅದರಲ್ಲೇ. ಈ ಸಲ ಚರಗ ಚೆಲ್ಲುವಾಗ (ಭೂತಾಯಿಗೆ ಹೊಲದಲ್ಲಿ ಎಡೆ ಚೆಲ್ಲುವಾಗ) ಫೋನ್ ಹಚ್ಚಿಟ್ಟಿದ್ದೆ. ಕೆನಡಾದಿಂದ ತಮ್ಮ, "ಅಕ್ಕಾ, ಮಾತು ಬ್ಯಾಡ, ಟ್ಯಾಕ್ಟರ್ ಚಾಲೂ ಇಟ್ಟು ಫೋನ್ ಬಾನೆಟ್ ಮ್ಯಾಲ ಇಡು" ಅಂದ. ಇಟ್ಟೆ. ಹತ್ತು ನಿಮಿಷ ಕೇಳಿದ.

ಈ ವಾರದ ಸುದ್ದಿ ಬೇರೆಯೇ ಇದೆ. ಸುರಪುರದ ಹತ್ತಿರ ಒಂದು ಹಳ್ಳಿಯಲ್ಲಿ ಜೆಟರ್ 2511 ಒಂದು ಎಂಟು ವರ್ಷದಿಂದ ನಿಂತಿದೆಯಂತೆ. ಮಾವನೇ ಪತ್ತೆ ಮಾಡಿದ್ದಾರೆ. ಮನೆಯವರು ತೂಕಕ್ಕೆ ಕೊಡೋಕೆ ತಯಾರಿದ್ದರು, ಮಾವ ಕೈ ಮುಗಿದು ಒಂದು ವಾರ ತಡೆಯೋಕೆ ಹೇಳಿ ಬಂದಿದ್ದಾರೆ. ಪಂಪ್ ಸಂಗರೂರಿನಿಂದ ಪಾರ್ಸೆಲ್‌ನಲ್ಲಿ ಹೊರಟಿದೆ. ಕೊಡಗಿನ ಹಿರಿಯರು ದುಡ್ಡಿಗೆ ಕಡಿಮೆ ಬಿದ್ದರೆ ಹೇಳಿ ಅಂದಿದ್ದಾರೆ. ಮಂಗಳವಾರ ನಾನು, ಮಿಸ್ತ್ರಿ ಕಾಕಾ, ಮಗಳು ಹೊರಡುತ್ತಿದ್ದೇವೆ. ಚಾರ್ಜ್ ಮಾಡಿದ ಬ್ಯಾಟರಿ, ಹತ್ತು ಲೀಟರ್ ಡೀಸೆಲ್, ಇಂಜಿನ್‌ಗೆ ಡೀಸೆಲ್ ಚಿಮ್ಮಿಸೋ ಎರಡು ನಾಝಲ್ ಕಟ್ಟಿಟ್ಟಿದ್ದೇನೆ. ನಿಮ್ಮಲ್ಲಿ ಯಾರ ಹತ್ತಿರವಾದರೂ 2511ರ ಹಳೆ ಹೆಡ್ ಗ್ಯಾಸ್ಕೆಟ್ ಇದ್ದರೆ ಸೋಮವಾರದೊಳಗೆ ಹೇಳಿ. ಬೀದರ್, ಕಲಬುರಗಿ, ಯಾದಗಿರಿಯಲ್ಲಿ ಎಲ್ಲಿದ್ದರೂ ನಾನೇ ಬಂದು ತಗೊಂಡು ಹೋಗುತ್ತೇನೆ.