ಅರ್ಧ ಗಂಟೆಯ ಕೆಲಸವಂತೆ!

"ಮನೆಯ ಹಳೆಯ ಕಂಪ್ಯೂಟರಿಗೆ ಜೆಲ್ಲಿಫಿನ್ ಹಾಕಿಕೊಳ್ಳಿ, ಅರ್ಧ ಗಂಟೆಯ ಕೆಲಸ, ಆಮೇಲೆ ನಿಮ್ಮ ವಿಡಿಯೋಗಳೆಲ್ಲ ಪೋಸ್ಟರ್ ಸಮೇತ ಟಿವಿಯಲ್ಲಿ ಸಾಲಾಗಿ ಕಾಣುತ್ತವೆ" ಎಂದು ನನಗೆ ಉಪದೇಶ ಮಾಡಿದವರು ಒಬ್ಬಿಬ್ಬರಲ್ಲ. ಆ ಅರ್ಧ ಗಂಟೆ ಶುರುವಾಗಿ ಇಂದಿಗೆ ನಾಲ್ಕನೆಯ ಭಾನುವಾರ.

ಮನೆಯ ಕಂಪ್ಯೂಟರಿನಲ್ಲಿರುವ ವಿಡಿಯೋಗಳನ್ನು ಟಿವಿಗೆ ತಲುಪಿಸುವ ಈ ಜೆಲ್ಲಿಫಿನ್ ತಂತ್ರಾಂಶದ ಮೇಲೆ ನನಗೆ ಸಿಟ್ಟಿಲ್ಲ. 2018ರ ಕೊನೆಯಲ್ಲಿ ಎಂಬಿ ಎಂಬ ತಂತ್ರಾಂಶದಿಂದ ಕವಲೊಡೆದು ಬಂದ ಇದನ್ನು ಸ್ವಯಂಸೇವಕರು ಬೆಳೆಸುತ್ತಿದ್ದಾರೆ, ನಯಾಪೈಸೆ ಕೇಳುವುದಿಲ್ಲ, ಅದನ್ನು ಕಂಪ್ಯೂಟರಿಗೆ ಹಾಕಲು ನಿಜಕ್ಕೂ ಹತ್ತೇ ನಿಮಿಷ ಸಾಕಾಯಿತು. ನನ್ನ ಸಿಟ್ಟೆಲ್ಲ ಆ ಹತ್ತು ನಿಮಿಷವನ್ನೇ ಇಡೀ ಕೆಲಸವೆಂದು ಎಣಿಸಿದವರ ಮೇಲೆ. ಛತ್ರ ಗೊತ್ತುಮಾಡಿದ ಕೂಡಲೇ ಮದುವೆ ಮುಗಿಯಿತು ಎನ್ನುವವರ ಲೆಕ್ಕ ಅದು.

ಕುಂದಾಪುರದ ಕಡೆಯ ನಮ್ಮ ಮನೆಯಲ್ಲಿ ಇಪ್ಪತ್ತಮೂರು ವಿಎಚ್‌ಎಸ್ ಕ್ಯಾಸೆಟ್ಟುಗಳಿದ್ದವು. ಹೆಚ್ಚಿನವು ತೊಂಬತ್ತರ ದಶಕದಲ್ಲಿ ನಮ್ಮ ಅಂಗಳದಲ್ಲೇ ನಡೆದ ಹರಕೆ ಆಟಗಳವು, ಎಂದರೆ ಹರಕೆ ತೀರಿಸಲು ಆಡಿಸಿದ ಯಕ್ಷಗಾನಗಳವು. ಬೂಸಲು ಹಿಡಿಯುವ ಮೊದಲು ಅವನ್ನೆಲ್ಲ ಸ್ಟುಡಿಯೋದವರಿಗೆ ಕೊಟ್ಟು ಫೈಲುಗಳನ್ನಾಗಿ ಮಾಡಿಸಿದ್ದೆ. ಅಪ್ಪಯ್ಯ ರಿಮೋಟ್ ಒತ್ತಿದರೆ ಆಟ ಕಾಣಬೇಕು, ನನ್ನ ಆಸೆ ಇಷ್ಟೇ. ಉಪದೇಶಕರ ಮಾತಿನಂತೆ ಎಲ್ಲವನ್ನೂ 'ಮೂವೀಸ್' ವಿಭಾಗಕ್ಕೆ ಸೇರಿಸಿದೆ. ಆ ವಿಭಾಗದಲ್ಲಿರುವ ಪ್ರತಿ ಹೆಸರನ್ನೂ ತಂತ್ರಾಂಶವು ಅಂತರ್ಜಾಲದ ಚಲನಚಿತ್ರ ಕೋಶದಲ್ಲಿ ಹುಡುಕಿ, ಹತ್ತಿರವೆಂದು ತೋರಿದ್ದನ್ನು ತಂದು ಅಂಟಿಸುತ್ತದೆಂದು ಅವರಾರೂ ಬಾಯಿಬಿಟ್ಟಿರಲಿಲ್ಲ. ಮೂರು ಕ್ಯಾಸೆಟ್ಟುಗಳಲ್ಲಿದ್ದ ನಮ್ಮ 'ಬಭ್ರುವಾಹನ ಕಾಳಗ'ಕ್ಕೆ 1977ರ ಸಿನಿಮಾದ ಪೋಸ್ಟರ್ ಬಂದು ಕೂತಿತು, ಅದೂ ಮೂರು ಸಲ. ಅಪ್ಪಯ್ಯ ಕನ್ನಡಕ ಸರಿಮಾಡಿಕೊಂಡು ನೋಡಿ, "ರಾಜ್‌ಕುಮಾರ್ ನಮ್ಮನೆ ಅಂಗಳದಲ್ಲಿ ವೇಷ ಕಟ್ಟಿದ್ದು ಯಾವಾಗ ಮಾರಾಯ?" ಎಂದು ಕೇಳಿದರು.

ಹೆಸರಿನ ಮುಂದೆ ಕಂಸದಲ್ಲಿ ಇಸವಿ ಹಾಕಿದರೆ ಸರಿಹೋಗುತ್ತದೆ ಎಂಬುದು ಮುಂದಿನ ಉಪದೇಶ. ಸಿನಿಮಾಗಳ ಮಟ್ಟಿಗೆ ಅದು ನ್ಯಾಯವೇ. 'ಗಂಧದ ಗುಡಿ' ಎಂದರೆ 1973ರದ್ದೋ 2022ರದ್ದೋ ಎಂದು ಯಂತ್ರಕ್ಕೆ ಬೇರೆ ಹೇಗೆ ತಿಳಿಯಬೇಕು? ಆದರೆ ಹರಕೆ ಆಟದ ಇಸವಿಯನ್ನು ಬರೆದಿಟ್ಟವರು ಯಾರು? ಕ್ಯಾಸೆಟ್ಟಿನ ಚೀಟಿಯ ಮೇಲೆ ನೀಲಿ ಬಾಲ್‌ಪೆನ್ನಿನಲ್ಲಿ ಪ್ರಸಂಗದ ಹೆಸರು ಮತ್ತು '2ನೇದು' ಎಂಬುದನ್ನು ಬಿಟ್ಟರೆ ಬೇರೇನೂ ಇಲ್ಲ. ಅಪ್ಪಯ್ಯನನ್ನು ಕೇಳಿದರೆ "ದೊಡ್ಡಕ್ಕನ ಮದುವೆಯ ಮರುವರ್ಷ, ಬಾವಿಗೆ ಕಟ್ಟೆ ಕಟ್ಟುವ ಮೊದಲು" ಎಂದರು. ಅಲ್ಲಿಂದ 1994ಕ್ಕೆ ತಲುಪಲು ನನಗೆ ಅರ್ಧ ದಿನ ಹಿಡಿಯಿತು. ಪೋಸ್ಟರ್ ಬದಲಾಗಲಿಲ್ಲ. ಇಂಥ ಖಾಸಗಿ ವಿಡಿಯೋಗಳಿಗೆ 'ಹೋಮ್ ವಿಡಿಯೋಸ್' ಎಂಬ ಬೇರೆಯೇ ವಿಭಾಗವಿದೆ, ಅದು ಹೊರಗಿನ ಕೋಶದ ಉಸಾಬರಿಗೆ ಹೋಗುವುದಿಲ್ಲ ಎಂಬುದನ್ನು ಎರಡನೆಯ ಭಾನುವಾರದ ರಾತ್ರಿ ನಾನೇ ಕಂಡುಕೊಂಡೆ. ಅಷ್ಟೂ ಫೈಲುಗಳನ್ನು ಮತ್ತೆ ಮೊದಲಿನಿಂದ ಜೋಡಿಸಬೇಕಾಯಿತು.

ಹೇಗೂ ಜೋಡಿಸುತ್ತಿದ್ದೇನಲ್ಲ ಎಂದು ಹೆಸರುಗಳನ್ನು ಕನ್ನಡದಲ್ಲೇ ಬರೆಯತೊಡಗಿದೆ. ಆಗ ಪರದೆಯ ಅಂಚಿನಲ್ಲಿ ಹುಡುಕಲೆಂದು ಕೊಟ್ಟಿರುವ ಅಕ್ಷರಪಟ್ಟಿ 'ಎ'ಯಿಂದ 'ಜೆಡ್'ವರೆಗೆ ಮಾತ್ರ ಎಂಬುದು ಗಮನಕ್ಕೆ ಬಂತು. 'ಗ' ಒತ್ತಿ 'ಗದಾಯುದ್ಧ'ಕ್ಕೆ ಹಾರುವಂತಿಲ್ಲ. ಕನ್ನಡದ ಹೆಸರುಗಳೆಲ್ಲ ಇಂಗ್ಲಿಷಿನವು ಮುಗಿದ ಮೇಲೆ ಕೊನೆಯ ಪಂಕ್ತಿಗೆ ಹೋಗಿ ಕೂರುತ್ತವೆ. ಎಂಬತ್ತು ದಾಟಿದ ಅಪ್ಪಯ್ಯ ರಿಮೋಟಿನ ಕೆಳಬಾಣವನ್ನು ಒತ್ತುತ್ತಲೇ ಇರಬೇಕು. ಇಂಗ್ಲಿಷ್ ಅಕ್ಷರದಲ್ಲಿ ಬರೆಯೋಣವೆಂದರೆ, 'ಭೀಷ್ಮ ವಿಜಯ'ಕ್ಕೆ ಒಬ್ಬೊಬ್ಬರು ಒಂದೊಂದು ಕಾಗುಣಿತ ಹಚ್ಚುತ್ತಾರೆ.

ಉಳಿದ ಕಿರುಕುಳಗಳು ಒಂದೆರಡಲ್ಲ. ಅಳಿಯ ತನ್ನ ಫೋನಿನಲ್ಲಿ ತೆಗೆದ ನಾಮಕರಣದ ವಿಡಿಯೋ ಎಚ್‌ಇವಿಸಿ ಎಂಬ ಹೊಸ ಬಗೆಯ ವಿಡಿಯೋ ರೂಪದಲ್ಲಿದೆ. ಅದು ನಮ್ಮ ಟಿವಿಗೆ ಅರ್ಥವಾಗದ ಕಾರಣ ಕಂಪ್ಯೂಟರೇ ಓಡುತ್ತೋಡುತ್ತ ಬೇರೆ ರೂಪಕ್ಕೆ ತಿರುಗಿಸಿಕೊಡಬೇಕು. ಆ ಮಾನದಂಡ ಹೊರಬಂದದ್ದೇ 2013ರಲ್ಲಿ, ನನ್ನ ಪ್ರೊಸೆಸರ್ 2012ರದ್ದು. ಫ್ಯಾನು ಹಿಟ್ಟಿನ ಗಿರಣಿಯಂತೆ ಸದ್ದು ಮಾಡುತ್ತದೆ, ಚಿತ್ರ ನಾಲ್ಕು ಸೆಕೆಂಡಿಗೊಮ್ಮೆ ನಿಲ್ಲುತ್ತದೆ. "ಹಳೆಯ ಕಂಪ್ಯೂಟರ್ ಸಾಕು" ಎಂದವರೇ ಈಗ "ಹೊಸದು ತಗೊಳ್ಳಿ" ಎನ್ನುತ್ತಿದ್ದಾರೆ. ಮಳೆಗೆ ಕರೆಂಟು ಹೋಗಿ ಬಂದರೆ ರೂಟರ್ ಕಂಪ್ಯೂಟರಿಗೆ ಬೇರೆ ನೆಟ್‌ವರ್ಕ್ ವಿಳಾಸ ಕೊಡುತ್ತದೆ, ಟಿವಿ ಹಳೆಯ ವಿಳಾಸದಲ್ಲಿ ಹುಡುಕಿ ಸೋಲುತ್ತದೆ. ವಿಳಾಸವನ್ನು ಕಾಯಂ ಮಾಡಬೇಕೆಂದು ತಿಳಿದದ್ದು ಮೂರನೆಯ ಸಲ ಹೀಗಾದ ಮೇಲೆ.

ಶಾರ್ಜಾದಲ್ಲಿರುವ ತಂಗಿಗೂ ಆಟ ತೋರಿಸೋಣವೆಂದು ರೂಟರಿನಲ್ಲಿ 8096ನೇ ಪೋರ್ಟ್, ಎಂದರೆ ಹೊರಗಿನಿಂದ ಜೆಲ್ಲಿಫಿನ್‌ಗೆ ಬರುವ ಬಾಗಿಲು, ತೆರೆಯಲು ಎರಡು ಸಂಜೆ ಹೆಣಗಿದ್ದಂತೂ ಶುದ್ಧ ದಂಡ. ರೂಟರಿನ ಹೊರವಿಳಾಸ 100.72 ಎಂದು ಶುರುವಾಗುತ್ತಿತ್ತು. 100.64ರಿಂದ 100.127ರವರೆಗಿನ ವಿಳಾಸವೆಂದರೆ ಇಂಟರ್ನೆಟ್ ಕೊಡುವವರು ಹಲವು ಮನೆಗಳನ್ನು ಒಂದೇ ಸಾರ್ವಜನಿಕ ವಿಳಾಸದ ಹಿಂದೆ ಕೂರಿಸಿದ್ದಾರೆ ಎಂದರ್ಥ. ನಮ್ಮ ರೂಟರಿನಲ್ಲಿ ಎಷ್ಟು ಬಾಗಿಲು ತೆರೆದರೂ ಬೀದಿಯ ಗೇಟಿನ ಬೀಗ ಅವರ ಕೈಯಲ್ಲಿದೆ. ಸ್ವಂತ ವಿಳಾಸ ಬೇಕಾದರೆ ತಿಂಗಳು ತಿಂಗಳು ಬೇರೆ ದುಡ್ಡು ಕೊಡಬೇಕಂತೆ.

ಇನ್ನು ಒಂಬತ್ತು ಕ್ಯಾಸೆಟ್ಟುಗಳ ಫೈಲುಗಳು ಬಾಕಿ ಇವೆ. ಅರ್ಧ ಗಂಟೆ ಎಂದವರಲ್ಲಿ ಯಾರಾದರೂ ಒಬ್ಬರು ಮುಂದಿನ ಭಾನುವಾರ ನಮ್ಮ ಮನೆಗೆ ಬರಲಿ. ಅವಲಕ್ಕಿ, ಕಾಫಿ ಎಲ್ಲ ನನ್ನದೇ. ಅಪ್ಪಯ್ಯನ ಪಕ್ಕದಲ್ಲಿ ಕೂತು, ಬಾವಿಕಟ್ಟೆಯ ಲೆಕ್ಕ ಹಿಡಿದು ಇಸವಿ ಹುಡುಕಿ, ಪ್ರಸಂಗದ ಹೆಸರು ಟೈಪ್ ಮಾಡಿ ಕೊಡಲಿ. ಗೋಡೆಗಡಿಯಾರ ಎದುರಿಗೇ ಇದೆ.